ನನ್ನನ್ನು ತಂಬೂರಿ ಎಂದುಕೊಂಡರು

ನಾನು ಒಂದು ಬೇರಿಂಗ್. ಕಾರೊಂದರ ಎಡಗಡೆಯ ಮುಂದಿನ ಗಾಲಿಯೊಳಗೆ ಹದಿಮೂರು ವರ್ಷ ತಿರುಗಿದ್ದೇನೆ. ನೀವು ನನ್ನನ್ನು ಕಂಡಿರಲಾರಿರಿ. ಗಾಲಿ ಎಲ್ಲರಿಗೂ ಕಾಣುತ್ತದೆ. ಆ ಗಾಲಿ ಯಾವುದನ್ನು ನಂಬಿಕೊಂಡು ತಿರುಗುತ್ತದೆ ಎಂದು ಬಗ್ಗಿ ನೋಡುವವರು ಎಲ್ಲೋ ಒಬ್ಬರು.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಎರಡು ಉಕ್ಕಿನ ಬಳೆಗಳು, ಒಂದರೊಳಗೆ ಒಂದು. ಅವುಗಳ ನಡುವೆ ಮಕ್ಕಳಾಡುವ ಗೋಲಿಗಿಂತ ಸಣ್ಣ ಗುಂಡುಗಳು, ಎರಡು ಸಾಲು. ಗುಂಡುಗಳ ಸುತ್ತ ಬೆಣ್ಣೆಯಂಥ ಗ್ರೀಸ್ ತುಂಬಿ, ಎರಡೂ ಕಡೆ ಕರಿ ರಬ್ಬರಿನ ಮುಚ್ಚಳ ಒತ್ತಿದರು. ಇನ್ನು ಜೀವಮಾನದಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ.

ಕೊನೆಯ ಮೇಜಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ತಿರುಗಿಸುತ್ತಿದ್ದಳು. ನನ್ನ ಸರದಿ ಬಂತು. ಅವಳ ಕಿವಿಯೋಲೆ ನನಗೆ ತಾಗಿತು. ಅವಳು ಉಸಿರು ಹಿಡಿದಳು. "ಸದ್ದಿಲ್ಲ" ಎಂದು ಹೇಳಿ ನನ್ನನ್ನು ಕಾಗದದ ಡಬ್ಬಿಯಲ್ಲಿಟ್ಟಳು. ನನ್ನ ಹಿಂದಿದ್ದವನು ಒಂಚೂರು ಗೊರಗೊರ ಎಂದ. ಅವಳು ತಲೆಯೆತ್ತಿ ನೋಡಲೂ ಇಲ್ಲ, ಪಕ್ಕದ ಕಬ್ಬಿಣದ ಪೀಪಾಯಿಗೆ ಎಸೆದಳು. ಅವನು ತಳಕ್ಕೆ ಬಿದ್ದ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಅಂದೇ ನನಗೆ ಭಯ ಹುಟ್ಟಿತು. ಬೇರಿಂಗಿಗೆ ದನಿ ಬರಬಾರದು. ದನಿ ಬಂದರೆ ಪೀಪಾಯಿ.

ನನ್ನನ್ನು ಕೂರಿಸಿದ ಕಾರು ಹೈಬ್ರಿಡ್. ಅದಕ್ಕೆ ಪೆಟ್ರೋಲ್ ಎಂಜಿನ್ನೂ ಇತ್ತು, ಬ್ಯಾಟರಿಯಿಂದ ತಿರುಗುವ ಮೋಟರೂ ಇತ್ತು. ನಿಧಾನ ಹೋಗುವಾಗ ಎಂಜಿನ್ ತಾನಾಗಿ ಮಲಗುತ್ತಿತ್ತು. ಆಗ ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ನಡೆಯುತ್ತಿತ್ತು. ನನ್ನ ಪಕ್ಕದಲ್ಲೇ ಒಂದು ದೊಡ್ಡ ಉಕ್ಕಿನ ತಟ್ಟೆ ಇತ್ತು. ಅವಳು ಬ್ರೇಕಿನ ಡಿಸ್ಕ್. ಗಾಲಿಯ ಜೊತೆಗೇ ತಿರುಗುವವಳು. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಅವಳನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸಬೇಕು. ಆದರೆ ಈ ಕಾರಿನಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಮೋಟರೇ ಗಾಲಿಯನ್ನು ತಡೆದು, ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತಿತ್ತು. ಡಿಸ್ಕಿಗೆ ಕೆಲಸವೇ ಇರಲಿಲ್ಲ.

"ನನ್ನನ್ನು ಯಾರೂ ಮುಟ್ಟುವುದಿಲ್ಲ. ಮೈಮೇಲೆ ತುಕ್ಕು ಕೂರುತ್ತಿದೆ" ಎನ್ನುತ್ತಿದ್ದಳು ಅವಳು.

ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರುವುದೇ ನನ್ನ ಕೆಲಸವಾಗಿತ್ತು.

ಮೊದಲ ಯಜಮಾನರು ಬೆಳಗಾವಿಯ ಪದ್ಮರಾಜ ಉಪಾಧ್ಯೆ, ಬೀಜದ ಕಂಪನಿಯೊಂದರಲ್ಲಿ ಅಧಿಕಾರಿ. ನಾನು ಅವರ ಮುಖ ಕಂಡವನಲ್ಲ, ಬೂಟು ಕಂಡವನು. ಪ್ರತಿದಿನ ಪಾಲಿಶ್ ಆದ ಕಂದು ಬೂಟು. ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಕಾರನ್ನು ಮೇಲಿನಿಂದ ಕೆಳಗಿನವರೆಗೆ ಒರೆಸುತ್ತಿದ್ದರು. ಗಾಲಿಯ ಹೊರಗನ್ನೂ ಒರೆಸುತ್ತಿದ್ದರು. ಒಂಬತ್ತು ವರ್ಷ ನಾನು ಸದ್ದು ಮಾಡಲಿಲ್ಲ.

ಒಂದು ಮಳೆಗಾಲದ ಸಂಜೆ ರೈಲ್ವೆ ಸೇತುವೆಯ ಕೆಳಗೆ ನೀರು ನಿಂತಿತ್ತು. ಉಪಾಧ್ಯೆಯವರು ಕಾರು ಇಳಿಸಿದರು. ನೀರು ನನ್ನನ್ನು ಮುಳುಗಿಸಿತು.

"ದಾಟಿದ್ವಿ ನೋಡು!" ಎಂದು ಅವರು ಆಚೆ ದಡದಲ್ಲಿ ಹಿಗ್ಗಿದರು.

"ನೀವು ದೋಣಿನ ತಗೋಬೇಕಿತ್ರಿ. ಕಾರ್ ಯಾಕ ತಗೊಂಡ್ರಿ?" ಎಂದರು ಅವರ ಹೆಂಡತಿ.

ಮೇಲೆ ಇಬ್ಬರೂ ನಗುತ್ತಿದ್ದರು. ಕೆಳಗೆ ನನ್ನ ಮುಚ್ಚಳದ ಅಂಚಿನಿಂದ ಒಂದು ಹನಿ ಕೊಳಕು ನೀರು ಒಳಗೆ ಬಂದಿತ್ತು. ಒಂದೇ ಹನಿ. ಅದು ಗುಂಡುಗಳ ನಡುವೆ ಎಲ್ಲಿ ಹೋಗಿ ಕುಳಿತಿತೋ ನನಗೆ ತಿಳಿಯಲಿಲ್ಲ. ಆದರೆ ಅದು ಇದೆ ಎಂಬುದು ಮಾತ್ರ ಪ್ರತಿ ಸುತ್ತಿನಲ್ಲೂ ತಿಳಿಯುತ್ತಿತ್ತು.

ಉಪಾಧ್ಯೆಯವರಿಗೆ ಕಣ್ಣು ಮಂಜಾಗತೊಡಗಿದ ಮೇಲೆ ಕಾರನ್ನು ಧಾರವಾಡದ ವಿಶಾಲಾಕ್ಷಿ ಹೂಗಾರ ಅವರಿಗೆ ಕೊಟ್ಟರು. ಆಕೆ ಹಾಡು ಕಲಿಸುವವರು. ಮನೆಯಲ್ಲಿ ಪಾಠ, ಶನಿವಾರ ಯಲ್ಲಾಪುರದ ಒಂದು ಶಾಲೆಯಲ್ಲಿ ಪಾಠ. ಬಾರು ಹೊಲಿಸಿದ ಚಪ್ಪಲಿ, ಮೆತ್ತಗಿನ ಹೆಜ್ಜೆ. ಅವುಗಳ ಪಕ್ಕದಲ್ಲಿ ಸದಾ ಕುಣಿಯುವ ಇನ್ನೊಂದು ಜೊತೆ ಸಣ್ಣ ಬೂಟು. ಅದು ಅವರ ಹತ್ತು ವರ್ಷದ ಮಗಳು ಇಂಚರಾ. ಮನೆಯಲ್ಲಿ ಅವರಿಬ್ಬರೇ.

ನನಗೆ ದನಿ ಬಂದದ್ದು ಅವರ ಕೈಯಲ್ಲಿ. ಮೊದಮೊದಲು ಜೇನುಹುಳದ ಗುಂಯ್ ಎಂಬಷ್ಟು. ಒಳಗೆ ಗುಂಡುಗಳ ಮೈ ಒರಟಾಗುತ್ತಿತ್ತು. ಗ್ರೀಸ್ ಬೆಣ್ಣೆಯಾಗಿ ಉಳಿದಿರಲಿಲ್ಲ. ದನಿಯನ್ನು ನುಂಗಿಕೊಳ್ಳಲು ಎಷ್ಟು ಹೆಣಗಿದರೂ ಆಗಲಿಲ್ಲ. ಬೇರೆ ಕಾರಾಗಿದ್ದರೆ ಎಂಜಿನ್ನಿನ ಗದ್ದಲದಲ್ಲಿ ಅಡಗಿ ಹೋಗುತ್ತಿತ್ತೇನೋ. ಈ ಕಾರಿನಲ್ಲಿ ಎಂಜಿನ್ ಮಲಗಿದ ಕೂಡಲೇ ನಾನೊಬ್ಬನೇ ಕೇಳಿಸುತ್ತಿದ್ದೆ.

ಒಂದು ಶನಿವಾರ ಕಲಘಟಗಿ ದಾಟಿದ ಮೇಲೆ ವಿಶಾಲಾಕ್ಷಿಯವರು ಕಿಟಕಿ ಏರಿಸಿ ಕಿವಿಗೊಟ್ಟರು. ನಾನು ಪೀಪಾಯಿಯನ್ನು ನೆನೆದು ನಡುಗಿದೆ.

"ಇಂಚರಾ, ಕೇಳ ಇಲ್ಲೆ," ಎಂದರು ಅವರು. "ಐವತ್ತರಾಗ ಹೊಂಟಾಗ ಸರಿಯಾಗಿ ಕರಿ ಎರಡು ಬರತೈತಿ. ನಿನ್ನ ಶ್ರುತಿನ. ತಂಬೂರಿ ಹಚ್ಚಿದಂಗ ಐತಲ್ಲ! ಹೈಬ್ರಿಡ್ ಗಾಡಿ ಮೋಟರ್ ಹಿಂಗ ಹಾಡತಾವೇನೋ."

ಕರಿ ಎರಡು ಎಂದರೆ ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಮನೆ. ಮಗು ಹಾಡುವ ಶ್ರುತಿ ಅದೇ. ಅಂದಿನಿಂದ ಪ್ರತಿ ಶನಿವಾರ ತಾಯಿ ಕಾರನ್ನು ಐವತ್ತರಲ್ಲೇ ಹಿಡಿದಿಟ್ಟು ಓಡಿಸುತ್ತಿದ್ದರು. ಮಗಳು ನನ್ನ ದನಿಯ ಮೇಲೆ ಸಾ ನಿಲ್ಲಿಸುತ್ತಿದ್ದಳು. ಆಮೇಲೆ ಸ್ವರಗಳನ್ನು ಹಿಂದೆಮುಂದೆ ತಿರುವಿ ಹಾಡುವ ಪಲಟಾ, ಆಮೇಲೆ ಒಂದು ಚಿಕ್ಕ ವಚನ. ಹಿಂದೆ ಬಂದ ಲಾರಿಗಳು ಹಾರ್ನ್ ಹೊಡೆದು ಬೈದು ಮುಂದೆ ಹೋಗುತ್ತಿದ್ದವು. ತಾಯಿ ವೇಗ ಏರಿಸುತ್ತಿರಲಿಲ್ಲ. ಏರಿಸಿದರೆ ಶ್ರುತಿ ಏರುತ್ತಿತ್ತು.

ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿತ್ತು. ನನ್ನ ನರಳಾಟಕ್ಕೆ ಮಗುವೊಂದು ರಾಗ ಕಟ್ಟುತ್ತಿತ್ತು. ಅಲ್ಲಿಯವರೆಗೆ ದನಿ ಬಂದೀತು ಎಂದು ಅಂಜಿದವನು, ಈಗ ಈ ದನಿ ಏನೆಂದು ಇವರಿಗೆ ಎಂದೂ ತಿಳಿಯದೇ ಹೋದೀತು ಎಂದು ಅಂಜತೊಡಗಿದೆ. ಬೇರಿಂಗ್ ಪೂರ್ತಿ ಸವೆದರೆ ಗಾಲಿ ಅಲ್ಲಾಡುತ್ತದೆ. ಅಲ್ಲಾಡುವ ಗಾಲಿ ಯಾವ ತಿರುವಿನಲ್ಲಿ ಬಿಗಿದು ನಿಲ್ಲುತ್ತದೋ, ಕಳಚಿ ಹೋಗುತ್ತದೋ, ನನಗೂ ಗೊತ್ತಿರಲಿಲ್ಲ.

ವರ್ಷದ ಸರ್ವಿಸಿನಲ್ಲಿ ಎಣ್ಣೆ ಬದಲಿಸಿದರು, ಸೀಟು ಝಾಡಿಸಿದರು. ಒಬ್ಬ ಬಗ್ಗಿ ಬ್ರೇಕ್ ನೋಡಿ, "ಪ್ಯಾಡ್ ಇನ್ನಾ ದಪ್ಪ ಅದಾವ್ರಿ ಮೇಡಮ್, ಬ್ರೇಕ್ ಭಾಳ ಛಲೋ" ಎಂದ. ಪ್ಯಾಡು ಸವೆಯದೆ ಉಳಿದದ್ದು ಡಿಸ್ಕಿಗೆ ಕೆಲಸವಿಲ್ಲದ್ದರಿಂದ. ಕೆಲಸವಿಲ್ಲದ ಡಿಸ್ಕಿನ ಮೈಯೆಲ್ಲ ತುಕ್ಕು ತಿಂದು ಕುಳಿ ಬಿದ್ದಿತ್ತು. ಅದನ್ನು ಅವನು ನೋಡಲಿಲ್ಲ.

ನನ್ನ ದನಿ ಬದಲಾದುದನ್ನು ಮೊದಲು ಹಿಡಿದವಳು ಇಂಚರಾ.

"ಅವ್ವಾ, ಇದರಾಗ ಉಸುಕು ಐತಿ."

"ಎದರಾಗವಾ?"

"ತಂಬೂರಿಯೊಳಗ. ಸಾ ಜೋಡಿ ಉಸುಕು ತಿಕ್ಕಿದಂಗ ಕೇಳತೈತಿ."

"ನಿನ್ನ ಕಿವಿ ಇನ್ನ ಪಕ್ಕಾ ಆಗಿಲ್ಲ ನನ್ನವ್ವಾ. ಹಾಡ."

ತಾಯಿಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದೆ ಹೇಳಿದ ಮಾತಾದ್ದರಿಂದ ಮಗು ಪೂರ್ತಿ ನಂಬಿತು. ಮರುವಾರ ಅವಳು ಉಸುಕಿನ ಮಾತೆತ್ತಲಿಲ್ಲ. ಆದರೆ ಹಾಡುವಾಗ ಅವಳ ದನಿ ಅಲ್ಲಲ್ಲಿ ತಡೆಯುತ್ತಿತ್ತು. ತನಗೆ ಕೇಳಿದ್ದನ್ನು ಕೇಳಿಲ್ಲ ಎಂದುಕೊಂಡು ಹಾಡುವುದು ಎಷ್ಟು ಕಷ್ಟ ಎಂದು ನನಗೆ ಆಗ ಗೊತ್ತಾಯಿತು.

ಆಮೇಲೆ ಅಂಕೋಲೆಯ ಮಾತು ಬಂತು. ಅಲ್ಲಿನ ಒಂದು ಸಂಗೀತ ಸಭೆಯಲ್ಲಿ ಮಕ್ಕಳ ಕಾರ್ಯಕ್ರಮ, ಇಂಚರಾ ಮೊದಲ ಸಲ ವೇದಿಕೆ ಹತ್ತಬೇಕು. ಬರುವ ರವಿವಾರ ಸಂಜೆ. ಅಂಕೋಲೆಗೆ ಹೋಗಲು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು.

ಘಟ್ಟ ಎಂದ ಕೂಡಲೇ ಡಿಸ್ಕ್ ಬೆಚ್ಚಿದಳು.

"ಇಳಿಜಾರಿನಲ್ಲಿ ಸ್ವಲ್ಪ ಹೊತ್ತು ಮೋಟರ್ ತಡೆಯುತ್ತದೆ," ಎಂದಳು. "ಅಷ್ಟರಲ್ಲಿ ಬ್ಯಾಟರಿ ತುಂಬಿಬಿಡುತ್ತದೆ. ತುಂಬಿದ ಮೇಲೆ ಅದು ಕೈಬಿಡುತ್ತದೆ. ಆಗ ನನ್ನನ್ನು ಕರೆಯುತ್ತಾರೆ. ಈ ಮೈಯಿಂದ ನಾನು ಎಷ್ಟು ತಿರುವಿನವರೆಗೆ ತಡೆದೇನು?"

"ಅಲ್ಲಿಯವರೆಗೆ ನಾನು ಉಳಿದಿದ್ದರೆ ತಾನೆ?" ಎಂದೆ.

ಹದಿಮೂರು ವರ್ಷ ಒಬ್ಬರಿಗೊಬ್ಬರು ಅಂಟಿಕೊಂಡಿದ್ದವರು ನಾವು.

ರವಿವಾರ ಬೆಳಿಗ್ಗೆ ವಿಶಾಲಾಕ್ಷಿಯವರು ಕಾರಿನ ಮುಂದೆ ಊದಿನಕಡ್ಡಿ ಬೆಳಗಿದರು. ದೂರದ ಹಾದಿ ಎಂದು ನಿಂಬೆಹಣ್ಣು ತಂದಿದ್ದರು. ಬಗ್ಗಿ ನನ್ನ ಗಾಲಿಯ ಮುಂದೆಯೇ ಒಂದನ್ನು ಇಟ್ಟರು. ಅವರ ಅಂಗೈ ಟೈರಿನ ಮೇಲೆ ಬಂತು. ನನಗೂ ಆ ಅಂಗೈಗೂ ಒಂದು ಗೇಣು ಅಂತರ. "ನನ್ನ ಕೂಸಿನ ಛಲೋತ್ನಂಗ ಕರಕೊಂಡ ಹೋಗಿ ಕರಕೊಂಡ ಬಾರಪಾ," ಎಂದು ಮೆಲ್ಲಗೆ ಅಂದರು. ನಾನು ಕೂಗಿಕೊಳ್ಳಬೇಕೆಂದುಕೊಂಡೆ. ಆದರೆ ಗಾಲಿ ನಿಂತಿರುವಾಗ ನನಗೆ ದನಿಯಿಲ್ಲ. ಕಾರು ಹೊರಟಿತು, ನಿಂಬೆಹಣ್ಣು ಚಟ್ ಎಂದು ಒಡೆಯಿತು, ಆಮೇಲೆ ನನ್ನ ದನಿ ಬಂತು. ಆಗ ಅವರು ಮೇಲೆ ಕುಳಿತಿದ್ದರು. ಮತ್ತೆ ಅದು ತಂಬೂರಿಯಾಯಿತು.

ಕಲಘಟಗಿ ದಾಟಿತು. ತಾಯಿ ಐವತ್ತಕ್ಕೆ ಹಿಡಿದರು.

"ಹೂಂ, ಸಾ ಹಚ್ಚ."

ಇಂಚರಾ ಹಚ್ಚಿದಳು. ಅರ್ಧಕ್ಕೆ ನಿಲ್ಲಿಸಿದಳು.

"ಅವ್ವಾ, ಸಾ ನಡಗಾಕತ್ತೈತಿ."

"ನಿಂದ ನಡಗತೈತಿ. ಮೊದಲನೇ ಪ್ರೋಗ್ರಾಂ ಅಲ್ಲ, ಹೆದರಿಕಿ ಇದ್ದದ್ದ. ನೀರ ಕುಡಿ."

"ನಂದಲ್ಲ, ಅದರದ."

"ಇಂಚರಾ."

ಕಿರವತ್ತಿಯ ಕಾಡು ಶುರುವಾಗಿತ್ತು. ಯಲ್ಲಾಪುರಕ್ಕೆ ಇನ್ನು ಸ್ವಲ್ಪವೇ ದೂರ, ಅಲ್ಲಿಂದ ಘಟ್ಟ. ನನ್ನೊಳಗೆ ಒಂದು ಗುಂಡಿನ ಮೈ ಸಿಪ್ಪೆಯಂತೆ ಎದ್ದಿತ್ತು. ಅದು ಪ್ರತಿ ಸುತ್ತಿಗೂ ಬಳೆಯನ್ನು ಕೆರೆಯುತ್ತಿತ್ತು. ನಾನು ತಿರುವುಗಳನ್ನು ಕಾಯುತ್ತಿದ್ದೆ. ಬಲಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಎಡಕ್ಕೆ ವಾಲಿ ನನ್ನ ಮೇಲೆ ಬೀಳುತ್ತಿತ್ತು. ಆಗ ತಡೆಯಲಾರದೆ ಊಳಿಡುತ್ತಿದ್ದೆ. ಎಡಕ್ಕೆ ತಿರುಗಿದಾಗ ಭಾರ ಆಚೆಗೆ ಹೋಗಿ ತುಸು ಉಸಿರಾಡುತ್ತಿದ್ದೆ.

ಬಲ. ಎಡ. ಮತ್ತೆ ಬಲ.

ಮೇಲೆ ಒಂದು ಸಣ್ಣ ಕೈ ತೊಡೆಯ ಮೇಲೆ ತಾಳ ಹಾಕುವ ಸದ್ದು ಕೇಳಿಸಿತು. ಹಾಡಿಲ್ಲದ ತಾಳ. ಆಮೇಲೆ ಇಂಚರಾ ಅಂದಳು: "ಅವ್ವಾ, ತಂಬೂರಿ ಎಡಕ್ಕ ಬಲಕ್ಕ ತಿರಗಿಸಿದ್ರ ದನಿ ಬ್ಯಾರೆ ಆಗತೈತೇನ?"

"ಇಲ್ಲ. ಯಾಕ?"

"ಇದ ಆಗತೈತಿ. ಬಲಕ್ಕ ಹೊಳ್ಳಿದಾಗ ಅಳತೈತಿ. ಎಡಕ್ಕ ಹೊಳ್ಳಿದಾಗ ಸುಮ್ಮಾಗತೈತಿ. ನಾಕ ಸಲ ನೋಡೀನಿ. ನನ್ನ ಕಿವಿ ಪಕ್ಕಾ ಇಲ್ಲಂದ್ರ ನೀ ಕೇಳ."

ತಾಯಿ ಕಿಟಕಿ ಏರಿಸಿ ಕಿವಿಗೊಟ್ಟರು. ವೇಗ ಐವತ್ತರಲ್ಲೇ ಇತ್ತು. ಮುಂದೆ ಬಲ ತಿರುವು. ಆ ಒಂದು ತಿರುವಿನಲ್ಲಿ ನಾನು ಏನನ್ನೂ ನುಂಗಿಕೊಳ್ಳಲಿಲ್ಲ. ಪೀಪಾಯಿಯನ್ನು ಮರೆತೆ. ಇದ್ದ ನೋವನ್ನೆಲ್ಲ ದನಿ ಮಾಡಿದೆ. ನಂತರ ಎಡ ತಿರುವು ಬಂತು, ನನ್ನ ದನಿ ಇಳಿಯಿತು. ಮತ್ತೆ ಬಲ. ಮತ್ತೆ ಊಳಿಟ್ಟೆ.

ಕಾರಿನ ವೇಗ ಇಳಿಯಿತು. ನಲವತ್ತು, ಮೂವತ್ತು, ಇಪ್ಪತ್ತು. ರಸ್ತೆಯ ಬದಿಗೆ ನಿಂತಿತು. ನನಗೆ ಮತ್ತೆ ದನಿ ಹೋಗಿತ್ತು.

"ಉಸುಕ ಯಾವಾಗಿಂದ ಕೇಳತೈತಿ ನಿನಗ?" ಎಂದು ಕೇಳಿದರು ವಿಶಾಲಾಕ್ಷಿ. ಅವರ ದನಿಯೂ ನಡುಗುತ್ತಿತ್ತು.

"ಹಬ್ಬದ ಮುಂಚಿಂದ."

"ನಾ ನಂಬಲಿಲ್ಲ ಅಂತ ಮತ್ತ ಹೇಳಲಿಲ್ಲ ಹೌದಲ್ಲ?"

ಚಪ್ಪಲಿ ಕೆಳಗಿಳಿಯಿತು, ಸುತ್ತಿ ಆಚೆ ಹೋಯಿತು, ಬಾಗಿಲು ತೆರೆಯಿತು. ತಾಯಿ ಮಗಳನ್ನು ಅಪ್ಪಿಕೊಂಡದ್ದು ನನಗೆ ಕಾಣಲಿಲ್ಲ, ಬಳೆಯ ಸದ್ದು ಕೇಳಿಸಿತು.

ಯಲ್ಲಾಪುರದವರೆಗೆ ಇಪ್ಪತ್ತರ ಮೇಲೆ ಹೋಗಲಿಲ್ಲ. ಊರ ತುದಿಯಲ್ಲಿ ಮೌಲಾಸಾಬ್ ನದಾಫರ ಗ್ಯಾರೇಜು. ಹಿಂದೆ ಒಮ್ಮೆ ಪಂಕ್ಚರ್ ಹಾಕಿಸಿದ್ದ ಗುರುತು. ಅವರು ಎಡ ಗಾಲಿಯನ್ನು ಜಾಕಿನ ಮೇಲೆ ಎತ್ತಿದರು. ಒಂದು ಕೈಯಿಂದ ಗಾಲಿ ತಿರುಗಿಸಿ, ಇನ್ನೊಂದು ಕೈಯನ್ನು ಒಳಗಿನ ಸ್ಪ್ರಿಂಗಿನ ಮೇಲೆ ಇಟ್ಟು ಕಣ್ಣು ಮುಚ್ಚಿದರು. ಆಮೇಲೆ ಗಾಲಿಯ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಟಕ್. ಟಕ್.

"ಅಬಬಬಾ! ಅಕ್ಕಾರ, ಇದರ ಮ್ಯಾಲೆ ಘಟ್ಟ ಇಳಿಯೋರಿದ್ರಿ?"

"ನಾ ಇದನ್ನ ತಂಬೂರಿ ಮಾಡಿಕೊಂಡ ಮಗಳಿಗೆ ಹಾಡಸತಿದ್ದೆರಿ."

ಮೌಲಾಸಾಬ್ ನಗಲು ಹೋಗಿ ಆಕೆಯ ಮುಖ ನೋಡಿ ನಿಲ್ಲಿಸಿದರು. "ನಮ್ಮ ಮಾವ ಒಬ್ಬಾಂವ ಹಿಂಗ ಮಾಡಿದ್ದ ಬಿಡ್ರಿ. ಲಾರಿ ಬ್ರೇಕ್ ಚೀರಿದ್ರ, ನನ್ನ ಲಾರಿ ನನ್ನ ಗುರುತ ಹಿಡೀತು ಅಂತಿದ್ದ." ಆಮೇಲೆ ಟಾರ್ಚು ಹಿಡಿದು ಡಿಸ್ಕನ್ನು ನೋಡಿದರು. "ಇದೂ ಹ್ವಾದಂಗ. ಪ್ಯಾಡ್ ದಪ್ಪ ಅದಾವಂತ ಯಾರರ ಹೇಳಿರಬೇಕಲ್ಲ? ಹೈಬ್ರಿಡ್ ಗಾಡಿಗೆ ಪ್ಯಾಡ್ ನೋಡಬಾರದ್ರಿ, ಡಿಸ್ಕ್ ನೋಡಬೇಕ. ಎರಡೂ ಕಡೆ ಹಾಕಸ್ರಿ. ಸಾಮಾನ ಹುಬ್ಬಳ್ಳಿಂದ ನಾಳೆ ಮುಂಜಾನೆ ಬಸ್ಸಿಗೆ ತರಸತೀನಿ, ಡ್ರೈವರ್ ನಮ್ಮವ ಅದಾನ. ನೀವು ಈಗ ಬಸ್ ಹಿಡಕೊಂಡ ಅಂಕೋಲಾಕ್ಕ ಹೋಗ್ರಿ. ಕೂಸಿನ ಹಾಡ ತಪ್ಪಬಾರದು."

ಅವರು ಹೋದರು. ಜಾಕಿನ ಮೇಲೆ ಒಂಟಿಯಾಗಿ ತೂಗುತ್ತ ನಾನು ಉಳಿದೆ. ಅವರು ಬಸ್ಸಿನಲ್ಲಿ ಘಟ್ಟ ಇಳಿಯುತ್ತಿರುವ ಹೊತ್ತು ಇದು ಎಂದು ಎಣಿಸಿ ಎಣಿಸಿ ಹೆದರಿದೆ. ಅವರ ಭಾರ ನನ್ನ ಮೇಲಿರಲಿಲ್ಲ. ಆದರೂ ಹೆದರಿದೆ. ರೂಢಿ ಹಾಗೆ ಬಿಡುವುದಿಲ್ಲ.

ಸೋಮವಾರ ಬೆಳಿಗ್ಗೆ ಮೌಲಾಸಾಬರು ಮೊದಲು ಮಾಡಿದ ಕೆಲಸ, ಕಾರಿನ ಕೀಲಿಯನ್ನು ತಮ್ಮ ಊಟದ ಡಬ್ಬಿಯಲ್ಲಿ ಹಾಕಿ ಮನೆಯೊಳಗೆ ಇಟ್ಟುಬಂದದ್ದು. "ಈ ಗಾಡಿ ಸದ್ದಿಲ್ಲದ ಜೀವಂತ ಇರತೈತಿ. ಸುಮ್ಮ ಐತಿ ಅಂತ ಮಲಗೇತಿ ಅಂದ್ರ ಕೈ ಹೋಗತೈತಿ" ಎಂದು ಬಂದವರಿಗೆಲ್ಲ ಹೇಳಿದರು. ಆಮೇಲೆ ಗಾಲಿ ಬಿಚ್ಚಿದರು. ಡಿಸ್ಕ್ ತುಕ್ಕಿನಲ್ಲಿ ಅಂಟಿಕೊಂಡಿದ್ದಳು, ಸುತ್ತಿಗೆಯ ಪೆಟ್ಟು ಬೀಳುತ್ತಿತ್ತು. "ನಾನು ಕೆಲಸ ಮಾಡಬೇಕೆಂದೇ ಇದ್ದೆ" ಎಂದಳು ಕೊನೆಗೆ. ಅಷ್ಟೇ. ಅವಳನ್ನು ಗುಜರಿಯ ರಾಶಿಗೆ ಹಾಕಿದರು. ಅವಳು ಬಿದ್ದ ಸದ್ದು ಪೀಪಾಯಿಯ ಸದ್ದಿನ ಹಾಗೆಯೇ ಇತ್ತು.

ನನ್ನನ್ನು ಒತ್ತಿ ಕಳಚುವ ಪ್ರೆಸ್ಸಿನ ಕೆಳಗಿಟ್ಟರು. ಅದರ ಭಾರ ನಿಧಾನವಾಗಿ ಇಳಿಯಿತು. ಯಾವ ತಿರುವಿನಲ್ಲೂ ಅಷ್ಟು ಭಾರ ಹೊತ್ತಿರಲಿಲ್ಲ. ಠಪ್ ಎಂದು ನಾನು ಬಿಟ್ಟುಕೊಂಡೆ. ಒಳಬಳೆ ಒಂದು ಕಡೆ, ಹೊರಬಳೆ ಒಂದು ಕಡೆ. ಗುಂಡುಗಳು ನೆಲದ ಮೇಲೆ ಚೆಲ್ಲಿದವು. ಗ್ರೀಸ್ ಚಹಾದ ಬಣ್ಣದ ನೀರಾಗಿ ಸೋರಿತು.

ಅಷ್ಟರಲ್ಲಿ ಬಸ್ಸು ಇಳಿದು ತಾಯಿ ಮಗಳು ಬಂದರು.

"ಏನವಾ, ಹಾಡಿದ್ಯಾ?" ಎಂದರು ಮೌಲಾಸಾಬ್.

"ಹಾಡಿದ್ಲು," ಎಂದರು ತಾಯಿ. "ನಡಗಲಿಲ್ಲ."

ಮೌಲಾಸಾಬರು ಮೈ ಕಿತ್ತ ಒಂದು ಗುಂಡನ್ನು ಅಂಗೈ ಮೇಲಿಟ್ಟು ತೋರಿಸಿದರು. "ಘಟ್ಟದಾಗ ಏನ ಆಗತಿತ್ತೋ ನಾ ಬಾಯಿಲೆ ಹೇಳಾಕ ಒಲ್ಲೆ ಅಕ್ಕಾರ." ವಿಶಾಲಾಕ್ಷಿಯವರು ಅದನ್ನು ನೋಡಿದರು, ಮಗಳ ತಲೆಯ ಮೇಲೆ ಕೈಯಿಟ್ಟರು, ಅಲ್ಲೇ ಟೈರುಗಳ ಮೇಲೆ ಕುಳಿತುಬಿಟ್ಟರು.

ನಾನು ಗುಜರಿಯ ರಾಶಿಯನ್ನು ನೋಡುತ್ತಿದ್ದೆ. ಆಗ ಸಣ್ಣ ಬೂಟುಗಳು ನನ್ನ ಹತ್ತಿರ ಬಂದವು.

"ಕಾಕಾ, ಈ ಬಳಿ ನನಗ ಕೊಡತೀರೇನ?"

"ಹೊಲಸ ಐತವಾ, ಯಾಕ ಬೇಕು?"

"ಇದ ಖರೇ ಹೇಳಾಕತ್ತಿತ್ತು."

ಮೌಲಾಸಾಬರು ನನ್ನ ಹೊರಬಳೆಯನ್ನು ಪೆಟ್ರೋಲಿನಲ್ಲಿ ತೊಳೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಅವಳ ಕೈಗಿಟ್ಟರು. ಹದಿಮೂರು ವರ್ಷ ಕೆಳಗೆ ಇದ್ದ ನಾನು ಅಂದು ಮೊದಲ ಸಲ ಕಾರಿನೊಳಗೆ ಕುಳಿತೆ, ಮಗುವಿನ ಮಡಿಲಲ್ಲಿ. ಅವರ ಮುಖಗಳನ್ನು ಮೊದಲ ಸಲ ನೋಡಿದೆ. ತಾಯಿಗೆ ಗಲ್ಲದ ಮೇಲೆ ಒಂದು ಮಚ್ಚೆ ಇದೆ. ಕಾರು ಐವತ್ತಕ್ಕೆ ಬಂತು. ನನ್ನ ಜಾಗದಲ್ಲಿ ಹೊಸಬನಿದ್ದ. ಒಂದಿಷ್ಟೂ ಸದ್ದಿಲ್ಲ.

"ಅವ್ವಾ, ಏನೂ ಕೇಳಸವಲ್ದು."

"ಹಂಗ ಇರಬೇಕಂತ," ಎಂದರು ತಾಯಿ. "ಇನ್ನ ಶ್ರುತಿ ನೀನ ಹಿಡಕೊಂಡ ಹಾಡ."

ಈಗ ನಾನು ಧಾರವಾಡದ ಅವರ ಮನೆಯ ಕಿಟಕಿಯಲ್ಲಿದ್ದೇನೆ. ಗಾಳಿಗೆ ಹಾಳೆ ಹಾರದಂತೆ ಇಂಚರಾ ತನ್ನ ಸ್ವರದ ನೋಟುಬುಕ್ಕಿನ ಮೇಲೆ ನನ್ನನ್ನು ಇಟ್ಟಿದ್ದಾಳೆ. ಮೂಲೆಯಲ್ಲಿ ನಿಜವಾದ ತಂಬೂರಿ ನಿಂತಿದೆ. ಅದರ ಮುಂದೆ ಮೊದಮೊದಲು ನನಗೆ ತಲೆಯೆತ್ತಲು ಆಗುತ್ತಿರಲಿಲ್ಲ.

ಒಂದು ದಿನ ಇಂಚರಾ ನನ್ನನ್ನು ದಾರಕ್ಕೆ ಕಟ್ಟಿ ತೂಗಿಸಿ ಪೆನ್ಸಿಲಿನಿಂದ ತಟ್ಟಿದಳು. ಟಿಣ್ ಎಂದೆ. ನನಗೇ ಬೆರಗಾಯಿತು. ಉಸುಕಿಲ್ಲ, ಕೆರೆತವಿಲ್ಲ. ನೋವಿಲ್ಲದೆ ನನಗೆ ದನಿ ಬಂದದ್ದು ಅದೇ ಮೊದಲು.

"ಅವ್ವಾ, ಇದು ನಿಷಾದ," ಎಂದಳು ಅವಳು.

ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ತಾಯಿಗೆ ಬೇರೆ ಯಾವುದೋ ಸ್ವರ ಅನ್ನಿಸಿತ್ತು. ಬಾಯಿ ತೆರೆದಿದ್ದರು. ಹೇಳಲಿಲ್ಲ. ಸೌಟನ್ನು ಕೆಳಗಿಟ್ಟು, ನೆಲದ ಮೇಲೆ ಕುಳಿತು, ತಂಬೂರಿ ಮೀಟಿ, "ಇನ್ನೊಮ್ಮೆ ತಟ್ಟ ನೋಡೂಣು" ಎಂದರು. ಮೂರು ಸಲ ಕೇಳಿದ ಮೇಲೆ ತಲೆಯಾಡಿಸಿದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಭಯ ನನ್ನನ್ನು ಬಿಟ್ಟಿಲ್ಲ. ಪ್ರತಿ ಶನಿವಾರ ಕಾರು ಗೇಟು ದಾಟುವಾಗ ನಾನು ಕಿವಿಗೊಡುತ್ತೇನೆ. ಅವರೂ ಕಿವಿಗೊಡುತ್ತಾರೆ. ಕಿಟಕಿ ಇಳಿಸಿ, ಓಣಿಯ ತುದಿಯವರೆಗೆ ಇಬ್ಬರೂ ಮಾತಾಡುವುದಿಲ್ಲ. ಅಲ್ಲಿ ರಸ್ತೆ ಬಲಕ್ಕೆ ತಿರುಗುತ್ತದೆ. ತಿರುವಿನಲ್ಲಿ ತಾಯಿ ಕೇಳುತ್ತಾರೆ, ನನಗೆ ಇಲ್ಲಿಗೂ ಕೇಳಿಸುತ್ತದೆ: "ಏನರ ಐತೇನ?"

ಮಗು ಸ್ವಲ್ಪ ಹೊತ್ತು ಗಾಲಿಯ ಕಡೆ ಕಿವಿಗೊಡುತ್ತದೆ. ಆ ಸ್ವಲ್ಪ ಹೊತ್ತು ನನಗೆ ಹದಿಮೂರು ವರ್ಷಕ್ಕಿಂತ ಉದ್ದ.

"ಇಲ್ಲವಾ," ಎನ್ನುತ್ತದೆ ಆಮೇಲೆ. ಹಾಡು ಶುರುವಾಗುತ್ತದೆ.